ಇಪ್ಪತ್ತೇಳಕ್ಕೆ ನಾಲ್ಕು

ಹೋದ ವಾರ ಬುಧವಾರ ಬಳ್ಳಾರಿಯ ಆಸ್ಪತ್ರೆಯಲ್ಲಿ ನನ್ನ ಮೊಮ್ಮಗಳು ರೇಣುಕಾಗೆ ಇಪ್ಪತ್ತೇಳಕ್ಕೆ ನಾಲ್ಕು ಬಂತು! ನೀವು ನಗಬಹುದು. ಇಪ್ಪತ್ತೇಳಕ್ಕೆ ನಾಲ್ಕು ತೆಗೆದವರನ್ನು ಯಾವ ಶಾಲೆಯಲ್ಲೂ ಪಾಸು ಮಾಡುವುದಿಲ್ಲ, ಈ ಮುದುಕ ಯಾಕೆ ಹೀಗೆ ಹಿಗ್ಗುತ್ತಿದ್ದಾನೆ ಎಂದು ಕೇಳಬಹುದು. ಹಿಗ್ಗದೆ ಏನು ಮಾಡಲಿ? ಡಾಕ್ಟರಮ್ಮ ಚೀಟಿಯ ಮೇಲೆ ನಾಲ್ಕು ಎಂದು ಬರೆದು, ಅದರ ಸುತ್ತ ಒಂದು ಸುತ್ತು ಹಾಕಿ, "ಇನ್ನ ಆರು ತಿಂಗಳಿಗೊಮ್ಮೆ ಬಂದ್ರ ಸಾಕು" ಎಂದಾಗ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಎದ್ದು ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕುಳಿತೆ. ಮತ್ತೆ ಎದ್ದೆ. ರೇಣುಕಾ ನನ್ನ ಧೋತರದ ಚುಂಗು ಹಿಡಿದು ಜಗ್ಗಿ, "ಕುಂದ್ರು ತಾತ, ಎಲ್ಲಾರೂ ನೋಡಾಕತ್ಯಾರ" ಎಂದಳು. ನೋಡಲಿ ಬಿಡಿ. ಎಪ್ಪತ್ತೊಂದು ವರ್ಷದ ಬಾಳಿನಲ್ಲಿ ಅಷ್ಟು ಸಣ್ಣ ಸಂಖ್ಯೆ ನನಗೆ ಅಷ್ಟು ದೊಡ್ಡ ಸಂತೋಷ ಕೊಟ್ಟದ್ದಿಲ್ಲ.

ಆದರೆ ಈ ಸಂತೋಷವನ್ನು ಬರೆಯಬೇಕಾದರೆ ಅದರ ಕೆಳಗಿರುವ ಕಹಿಯನ್ನೂ ಬರೆಯಬೇಕು. ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ.

ನನ್ನ ಹೆಸರು ಹನುಮಂತಪ್ಪ. ಊರು ಸಿರುಗುಪ್ಪ. ಓದಿದ್ದು ನಾಲ್ಕನೇ ಕ್ಲಾಸು. ಓದಲು ಬರುತ್ತದೆ, ಬರೆಯುವುದು ನಿಧಾನ. ಇದನ್ನು ಬರೆಯಲು ಐದು ದಿನ ಹಿಡಿಯಿತು. ತಪ್ಪುಗಳನ್ನು ರೇಣುಕಾಳೇ ತಿದ್ದಿದ್ದಾಳೆ. ತಿದ್ದುತ್ತಾ ತಿದ್ದುತ್ತಾ ಒಂದು ಕಡೆ ಪೆನ್ನು ನಿಲ್ಲಿಸಿದಳು. "ತೆಗೆದು ಹಾಕ್ಲೇನವ್ವ?" ಎಂದು ಕೇಳಿದೆ. "ಬ್ಯಾಡ, ಇರ್ಲಿ" ಎಂದಳು. ಅದು ಯಾವ ಜಾಗ ಎಂದು ನಿಮಗೇ ಗೊತ್ತಾಗುತ್ತದೆ.

ಮೂವತ್ತೆಂಟು ವರ್ಷ ನಾನು ರೈಸ್ ಮಿಲ್ಲಿನಲ್ಲಿ ನೆಲ್ಲು, ಅಂದರೆ ಭತ್ತ, ನೋಡುವ ಕೆಲಸ ಮಾಡಿದವನು. ಲಾರಿ ಬಂದು ನಿಂತರೆ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಅಂಗೈಗೆ ಕಾಳು ಸುರಿದುಕೊಂಡು, ತೇವ ಎಷ್ಟು, ಜೊಳ್ಳು ಎಷ್ಟು, ಮಣ್ಣು ಎಷ್ಟು, ಮಿಲ್ಲಿಗೆ ಹಾಕಿದರೆ ನುಚ್ಚು ಎಷ್ಟು ಬೀಳುತ್ತದೆ ಎಂದು ಹೇಳಬೇಕು. ತೇವ ನೋಡಲು ಕಾಳನ್ನು ಹಲ್ಲಲ್ಲಿ ಕಚ್ಚುತ್ತಿದ್ದೆ. ಒಣಗಿದ್ದರೆ ಕಟಕ್ ಎನ್ನುತ್ತದೆ, ಹಸಿ ಇದ್ದರೆ ಸುಮ್ಮನೆ ಮೆತ್ತಗಾಗುತ್ತದೆ. ಊರಲ್ಲಿ ನನಗೆ ಹಲ್ಲು ಹನುಮಂತಪ್ಪ ಎಂದೇ ಹೆಸರು. ತೇವ ನೋಡುವ ಮಿಷನ್ನು ಬಂದ ಮೇಲೂ ಸಾಹುಕಾರರು, "ಮೊದ್ಲು ಹಲ್ಲಪ್ಪ ಹೇಳ್ಲಿ, ಆಮ್ಯಾಲೆ ಮಿಷನ್ ಹೇಳ್ಲಿ" ಎನ್ನುತ್ತಿದ್ದರು. ಈಗ ಹಲ್ಲೂ ಇಲ್ಲ, ಕೆಲಸವೂ ಇಲ್ಲ. ಆದರೆ ಅಳತೆ ನನಗೆ ಗೊತ್ತು ಎಂಬ ಸೊಕ್ಕು ಇತ್ತು ನೋಡಿ, ಅದು ಮಾತ್ರ ಉಳಿದಿತ್ತು.

ಎರಡು ವರ್ಷದ ಹಿಂದೆ, ಕಾಲುವೆಗೆ ನೀರು ಬಿಟ್ಟ ಹೊಸತು. ನನ್ನ ಮಗ ಈರಣ್ಣ ಕುರುಗೋಡಿನಲ್ಲಿ ಟೈಲರ್. ಅವನ ಒಬ್ಬಳೇ ಮಗಳು ರೇಣುಕಾ ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಹೋಗಿ ಬಿ.ಕಾಂ. ಓದುತ್ತಿದ್ದಳು. ಒಂದು ದಿನ ಕಾಲೇಜಿಗೆ ಹೋಗುವುದಿಲ್ಲ ಎಂದಳು. ಮರುದಿನವೂ ಹೋಗಲಿಲ್ಲ. ಹದಿನೈದು ದಿನವಾಯಿತು. ತಲೆ ಬಾಚಿಕೊಳ್ಳುವುದಿಲ್ಲ, ಮಲಗಿದರೆ ನಿದ್ದೆ ಇಲ್ಲ, ತಟ್ಟೆಯ ಮುಂದೆ ಕುಳಿತರೆ ಎರಡು ತುತ್ತು. ಯಾಕೆ ಎಂದರೆ "ಯಾವುದಕ್ಕೂ ರುಚಿ ಇಲ್ಲ" ಎನ್ನುವಳು. ಸೊಸೆ ಶಾರದಾ ಸಾರಿಗೆ ಹುಳಿ ಹೆಚ್ಚು ಮಾಡಿ ನೋಡಿದಳು, ಕಡಿಮೆ ಮಾಡಿ ನೋಡಿದಳು. ಆ ರುಚಿ ಸಾರಿನದಲ್ಲ ಎಂದು ಯಾರಿಗೂ ಹೊಳೆಯಲಿಲ್ಲ.

ಅಲ್ಲಿಯ ಓಣಿಯವರೂ ಸುದ್ದಿ ಕೇಳಿದ ನಮ್ಮ ಸಿರುಗುಪ್ಪದ ಓಣಿಯವರೂ ಮಾತ್ರ ತಡ ಮಾಡಲಿಲ್ಲ. ಒಬ್ಬರು ಗಾಳಿ ಎಂದರು. ಒಬ್ಬರು ಓದಲಾರದ ಸೋಗು ಎಂದರು. ಇನ್ನೊಬ್ಬರು ಸಣ್ಣ ದನಿಯಲ್ಲಿ "ಮೆಂಟಲ್" ಎಂದರು. ಒಂದು ಹಿಡಿ ಕಾಳನ್ನೂ ಕೈಗೆ ತೆಗೆದುಕೊಳ್ಳದೆ ಇಡೀ ಲಾರಿಗೆ ಬೆಲೆ ಕಟ್ಟಿದ ಹಾಗೆ. ಅವರನ್ನು ಬೈದುಕೊಂಡು ನಾನು ಅವಳನ್ನು ಸಿರುಗುಪ್ಪಕ್ಕೆ ನಮ್ಮ ಮನೆಗೆ ಕರೆತಂದೆ. ಅಲ್ಲಿಂದ ಬಳ್ಳಾರಿಯ ಕಂಟೋನ್ಮೆಂಟ್ ಕಡೆ ಇರುವ ಒಂದು ಮನೋರೋಗದ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋದವನೂ ನಾನೇ. ಆ ಹೆಮ್ಮೆ ಬೇರೆ.

ಡಾಕ್ಟರಮ್ಮ ಬಳ್ಳಾರಿಯವರೇ, ನಮ್ಮ ಹಾಗೇ ಮಾತು. ರೇಣುಕಾಳನ್ನು ಒಳಗೆ ಕೂರಿಸಿಕೊಂಡು, ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟು ತುಂಬಿಸಿದರು. ನಾನು ಹೊರಗೆ ಬೆಂಚಿನ ಮೇಲಿದ್ದೆ. ಬರುವಾಗ ಬಸ್ಸಿನಲ್ಲಿ ಚೀಟಿ ಇಸಿದುಕೊಂಡು ನೋಡಿದೆ. ಇಂಗ್ಲಿಷು ನನಗೆ ಬಾರದು, ಅಂಕಿ ಬರುತ್ತವೆ. ಇಪ್ಪತ್ತೇಳಕ್ಕೆ ಹದಿನಾಲ್ಕು.

"ಏ, ಅರ್ಧಕ್ಕಿಂತ ಮ್ಯಾಲೆ ಐತಲ್ಲ! ಪಾಸಾದಿ ಬಿಡವ್ವ!" ಎಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ಸಣ್ಣಗೆ ನಕ್ಕು, "ಹ್ಞೂಂ ತಾತ" ಎಂದಳು.

ಆ ತಿಂಗಳೆಲ್ಲ ನಾನು ಅವಳಿಗೆ ಹೇಳಿದ್ದು ಅದೊಂದೇ. ಗುಳಿಗೆ ನುಂಗುವಾಗ, ಹಾಲು ಕುಡಿಯುವಾಗ, "ಮುಂದಿನ ಸಲ ಇಪ್ಪತ್ತು ದಾಟಿಸ್ಬೇಕು ನೋಡು" ಎನ್ನುವುದು. ನನ್ನ ಹೆಂಡತಿ ಗಂಗಮ್ಮ, "ಹುಡುಗಿ ಮಾರಿ ನೋಡ್ರಿ, ಅಂಕಿ ಏನ್ ನೋಡ್ತೀರಿ" ಎಂದರೆ, "ನಿನಗೇನ್ ತಿಳಿತೈತಿ, ಒಂದಕ್ಷರ ಬರಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ನಾನು ನಾಲ್ಕನೇ ಕ್ಲಾಸಿನವನಲ್ಲವೇ!

ಮುಂದಿನ ತಿಂಗಳು ಹೋದಾಗ ಡಾಕ್ಟರಮ್ಮ ನನ್ನನ್ನೂ ಒಳಗೆ ಕರೆದರು. ಅವರು ಹೇಳಿದ ಮಾತು ಇವತ್ತಿಗೂ ಅಕ್ಷರ ಅಕ್ಷರ ನೆನಪಿದೆ. "ಹೋದ ಸಲಕ್ಕಿಂತ ಭಾಳ ಏರೈತಿ ಯಜಮಾನ್ರೇ. ಇಪ್ಪತ್ತೊಂದು. ಚೆಂದಾಗಿ ನೋಡ್ಕೋರಿ. ಒಬ್ಬಾಕಿನ್ನ ಬಿಡಬ್ಯಾಡ್ರಿ. ಗುಳಿಗಿ ಬದಲ್ ಮಾಡೀನಿ. ಒಂದು ವಾರಕ್ಕ ಆಕಿ ಅಪ್ಪ ಅಮ್ಮನ್ನ ಕರ್ಕೊಂಡು ಬರ್ರಿ."

ಏರೈತಿ ಎಂಬ ಒಂದು ಮಾತು ಕಿವಿಗೆ ಬಿದ್ದದ್ದೇ ಮಿಕ್ಕದ್ದು ಕೇಳಿಸಿದರೂ ತಲೆಗೆ ಹೋಗಲಿಲ್ಲ. ನಾನು ನಕ್ಕೆ. ಕೈಮುಗಿದು, "ಎಲ್ಲಾ ನಿಮ್ಮ ಕೈಗುಣ ಅಮ್ಮಾ" ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಹೊರಗೆ ಜನ ತುಂಬಿದ್ದರು. ಮುಂದಿನವರು ಬಾಗಿಲು ತಳ್ಳಿಕೊಂಡು ಒಳಗೆ ಬಂದೇಬಿಟ್ಟರು.

ಬಸ್ ಸ್ಟ್ಯಾಂಡಿನ ಎದುರಿನ ಮಿಠಾಯಿ ಅಂಗಡಿಯಲ್ಲಿ ಪೇಡ ಕೊಂಡೆ. ಸಿರುಗುಪ್ಪಕ್ಕೆ ಬಂದು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಹಂಚಿದೆ. ಮೆಂಟಲ್ ಎಂದಿದ್ದವರ ಮನೆಗೆ ಬೇಕಂತಲೇ ಎರಡು ಹೆಚ್ಚು ಕೊಟ್ಟೆ. "ನಮ್ಮ ರೇಣುಕಾ ಇಪ್ಪತ್ತೊಂದು ತಗೊಂಡಾಳ, ಇಪ್ಪತ್ತೇಳಕ್ಕ!" ಎಂದೆ. ಕೊನೆಗೆ ಮನೆಗೆ ಬಂದು ರೇಣುಕಾಳ ಮುಂದೆ ನಿಂತು, "ಬಾಯಿ ತೆಗಿ" ಎಂದೆ. ಅವಳು ಬಾಯಿ ತೆಗೆದಳು. ನಾನು ಪೇಡ ಇಟ್ಟೆ. ಅವಳು ನಿಧಾನವಾಗಿ ಅಗಿದು ನುಂಗಿದಳು. ನನ್ನನ್ನು ನೋಡಿ ಚೆನ್ನಾಗೈತಿ ಎನ್ನುವಂತೆ ತಲೆ ಆಡಿಸಿದಳು.

ಅವಳು ಪೆನ್ನು ನಿಲ್ಲಿಸಿದ ಜಾಗ ಇದೇ.

ಮಗನಿಗೆ ಫೋನು ಮಾಡಿದೆ. "ಅಂದ್ರ ಆರಾಮಾದ್ಲಾ ಅಪ್ಪಾ?" ಎಂದ. "ಆದಂಗ. ನೀನು ಅಂಗಡಿ ಬಿಟ್ಟು ಬರಬ್ಯಾಡ" ಎಂದೆ. ಚೆನ್ನಾಗಿ ಅಂಕ ತೆಗೆಯುವ ಹುಡುಗಿಯನ್ನು ವಾರಕ್ಕೇ ಯಾಕೆ ಬಸ್ಸಿನಲ್ಲಿ ಕುಲುಕಾಡಿಸುವುದು ಎಂದು ವಾರಕ್ಕೆ ಹೋಗಲೂ ಇಲ್ಲ.

ಹತ್ತನೆಯ ದಿನ ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಅಡ್ಡಾಗಿದ್ದೆ. ಗಂಗಮ್ಮ ಬಂದು ಎಬ್ಬಿಸಿದಳು. ಅವಳ ಕೈಯಲ್ಲಿ ರೇಣುಕಾಳ ಕೈಗಡಿಯಾರ ಇತ್ತು.

"ಏಳ್ರಿ. ಈಗಿಂದೀಗ ಬಳ್ಳಾರಿಗೆ ಹೋಗಬೇಕು."

"ಯಾಕ? ಏನಾತು?"

"ಆಕಿ ಈ ಗಡಿಯಾರ ನನಗ ಕೊಟ್ಲು. ಅವ್ವ, ಇದು ನಿನ್ನ ಕೈಗೆ ಚೆಂದ ಕಾಣ್ತೈತಿ, ಇಟ್ಕೋ ಅಂದ್ಲು." ನಮ್ಮ ಕಡೆ ಅಜ್ಜಿಗೆ ಅವ್ವ ಎನ್ನುತ್ತಾರೆ.

"ಪ್ರೀತಿಯಿಂದ ಕೊಟ್ಟಾಳ, ಅದಕ್ಯಾಕ ಹಿಂಗಾಡ್ತಿ?"

ಗಂಗಮ್ಮ ಗಡಿಯಾರವನ್ನು ನನ್ನ ಮುಖದ ಮುಂದೆ ಹಿಡಿದಳು. "ನನಗ ಟೈಮ್ ನೋಡಾಕ ಬರಲ್ಲ ಅಂತ ಆಕಿಗೆ ಗೊತ್ತೈತಿ. ಸಣ್ಣಾಕಿ ಇದ್ದಾಗ ನನಗ ಕಲ್ಸಾಕ ಬಂದು ಸಾಕಾಗಿ ಬಿಟ್ಟಾಳ. ಗೊತ್ತಿದ್ದೂ ಕೊಟ್ಟಾಳ. ಪುಸ್ತಕ ಎಲ್ಲಾ ಪಕ್ಕದ ಮನಿ ಹುಡುಗಿಗೆ ಕೊಟ್ಟಾಳ. ಆಕಿ ಕೊಡಾಕತ್ತಿಲ್ರೀ, ಖಾಲಿ ಮಾಡಾಕತ್ಯಾಳ. ಏಳ್ರಿ!"

ಒಂದಕ್ಷರ ಬರದವಳು ಓದಿದ್ದು ಇದು. ನಾನು ಓದಿದ್ದು ಇಪ್ಪತ್ತೊಂದು.

ಬಾಡಿಗೆ ಕಾರಿನಲ್ಲಿ ಹೋದೆವು. ತೆಕ್ಕಲಕೋಟೆ ದಾಟಿತು, ಸಿರಿಗೇರಿ ಕ್ರಾಸ್ ದಾಟಿತು. ಗಂಗಮ್ಮ ದಾರಿಯುದ್ದಕ್ಕೂ ರೇಣುಕಾಳ ಮಣಿಕಟ್ಟು ಹಿಡಿದೇ ಇದ್ದಳು. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಈರಣ್ಣ, ಶಾರದಾ ಕುರುಗೋಡಿನಿಂದ ಬಂದು ಆಸ್ಪತ್ರೆಯ ಬಾಗಿಲಲ್ಲೇ ನಿಂತಿದ್ದರು. ಈರಣ್ಣನ ಕೊರಳಲ್ಲಿ ಅಳತೆ ಟೇಪು ಹಾಗೇ ಜೋತಾಡುತ್ತಿತ್ತು.

ಡಾಕ್ಟರಮ್ಮ ರೇಣುಕಾಳ ಜೊತೆ ಒಂದು ತಾಸು ಮಾತಾಡಿದರು. ಆಮೇಲೆ ನಮ್ಮನ್ನು ಕರೆದು, ಆಸ್ಪತ್ರೆಯಲ್ಲೇ ಇರಿಸಿಕೊಳ್ಳಬೇಕು ಎಂದರು. ನಾನು ಆಗಲೂ ಸುಮ್ಮನಿರಲಿಲ್ಲ. "ಅಲ್ರೀ ಅಮ್ಮಾ, ಇಪ್ಪತ್ತೊಂದು ಬಂದಿತ್ತಲ್ರೀ? ನಾನು ಪೇಡಾ ಹಂಚೀನಿ" ಎಂದೆ.

ಈರಣ್ಣ ನನ್ನ ಕಡೆ ತಿರುಗಿ ನೋಡಿದ. ಆ ನೋಟ ನನ್ನ ಚಿತೆಯವರೆಗೆ ನನ್ನ ಜೊತೆ ಬರುತ್ತದೆ.

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯಜಮಾನ್ರೇ, ಇದು ಮಾರ್ಕ್ಸ್ ಅಲ್ರೀ. ಇದು ಭಾರ. ಆ ಹುಡುಗಿ ಮ್ಯಾಲೆ ಎಷ್ಟು ಭಾರ ಬಿದ್ದೈತಿ ಅನ್ನೋದು. ಏರಿದಷ್ಟೂ ಕಷ್ಟ. ಅವತ್ತು ನೀವು ನಕ್ಕಿರಿ. ಯಾಕ ನಕ್ಕಿರಿ ಅಂತ ನಾನು ಅವತ್ತೇ ಕೇಳಬೇಕಿತ್ತು."

ಆ ಹಾಳೆಯನ್ನು ಮುಂದಿಟ್ಟು ತೋರಿಸಿದರು. ನಿದ್ದೆ ಹೇಗೆ, ಊಟ ಹೇಗೆ, ಆಯಾಸ ಎಷ್ಟು, ಮನಸ್ಸು ಎಷ್ಟು ಕುಗ್ಗಿದೆ, ತನ್ನನ್ನು ತಾನು ಎಷ್ಟು ಹಳಿದುಕೊಳ್ಳುತ್ತಾಳೆ, ಹೀಗೆ ಒಂಬತ್ತು. ಒಂದೊಂದಕ್ಕೂ ಇಲ್ಲವೇ ಇಲ್ಲ ಎಂದರೆ ಸೊನ್ನೆ, ದಿನಾಲೂ ಇದೆ ಎಂದರೆ ಮೂರು. ಒಂಬತ್ತನೆಯ ಪ್ರಶ್ನೆಯನ್ನು ಇಲ್ಲಿ ಬರೆಯಲು ನನ್ನ ಕೈ ಏಳುವುದಿಲ್ಲ. ಬದುಕಿರುವುದು ಬೇಕೋ ಬೇಡವೋ ಎನ್ನುವ ಪ್ರಶ್ನೆ ಎಂದರೆ ಸಾಕು. ಅಲ್ಲಿ ಅವಳು ಎರಡಕ್ಕೆ ಸುತ್ತು ಹಾಕಿದ್ದಳು. ನಾನು ಓಣಿಗೆಲ್ಲ ಹಂಚಿದ ಇಪ್ಪತ್ತೊಂದರಲ್ಲಿ ಆ ಎರಡೂ ಇತ್ತು. ಅದನ್ನೇ ಸಿಹಿ ಮಾಡಿ ಅವಳ ಬಾಯಿಗೂ ಇಟ್ಟಿದ್ದೆ.

ಹನ್ನೆರಡು ದಿನ ಅವಳು ಆಸ್ಪತ್ರೆಯಲ್ಲಿದ್ದಳು. ನಾನು ಬೆಂಚು ಬಿಟ್ಟು ಏಳಲಿಲ್ಲ. ಐದನೆಯದೋ ಆರನೆಯದೋ ದಿನ ಡಾಕ್ಟರಮ್ಮ ಪಕ್ಕದಲ್ಲಿ ಬಂದು ಕುಳಿತರು. ನಾನು ಧೈರ್ಯ ಮಾಡಿ ಕೇಳಿದೆ, "ಅಮ್ಮಾ, ಒಂದ ಮಾತಿನ್ಯಾಗ ಹೇಳ್ರಿ. ನಮ್ಮ ಹುಡುಗಿಗೆ ರೋಗ ಐತೋ, ಇಲ್ಲೋ?"

"ನೀವು ಏನ್ ಕೆಲಸ ಮಾಡ್ತಿದ್ರಿ?" ಎಂದರು. ಹೇಳಿದೆ.

"ಲಾರಿ ಬಂದ್ರ ಒಳ್ಳೇದು, ಕೆಟ್ಟದ್ದು ಅಂತ ಎರಡ ಮಾತಿನ್ಯಾಗ ಹೇಳಿ ಕಳಿಸ್ತಿದ್ರೇನು?"

"ಎಲ್ಲಿ ಆಗ್ತೈತ್ರೀ? ತೇವ ಬ್ಯಾರೆ, ಜೊಳ್ಳು ಬ್ಯಾರೆ. ತೇವ ಇಲ್ಲದ ನೆಲ್ಲು ಅಂತ ಇರಂಗಿಲ್ಲ. ಎಷ್ಟು ಅನ್ನೋದ ನೋಡಬೇಕು. ಹೆಚ್ಚಿದ್ರ ಒಣಗಿಸಬೇಕು."

"ಇದೂ ಹಂಗ ರೀ. ದುಃಖ, ಹೆದರಿಕಿ, ನಿದ್ದಿಗೇಡು ಇಲ್ಲದ ಮನುಷಾ ಇಲ್ಲ. ಯಾವುದು ಎಷ್ಟು, ಎಷ್ಟು ದಿನದಿಂದ, ಅದು ಆಕಿ ಬದುಕನ್ನ ಎಷ್ಟು ಹಿಡದೈತಿ, ಅದನ್ನ ನಾವು ಅಳಿಯೋದು. ಹೆಸರು ಒಂದು ಇಡ್ತೀವಿ ಬಿಡ್ರಿ, ಕಾಗದಕ್ಕ ಬೇಕಲ್ಲ. ಆದ್ರ ಹೆಸರಿನ್ಯಾಗ ಆಕಿ ಇಲ್ಲ. ಇವತ್ತು ಏರಿದ್ದು ನಾಳೆ ಇಳಿತೈತಿ."

ಆಮೇಲೆ ಅದೇ ಒಂಬತ್ತು ಪ್ರಶ್ನೆಗಳನ್ನು ನನಗೂ ಕೇಳಿದರು. ನನಗೆ ಒಂಬತ್ತು ಬಂತು. ನಾನೂ ಅದೇ ಗೆರೆಯ ಮೇಲೆ ನಿಂತವನು. ಅವಳು ಆ ಕಡೆ, ನಾನು ಸ್ವಲ್ಪ ಈ ಕಡೆ, ಅಷ್ಟೇ. ಮೂವತ್ತೆಂಟು ವರ್ಷ ಒಂದು ಲಾರಿಯನ್ನೂ ಕೈಹಾಕದೆ ಕಳಿಸಿದವನಲ್ಲ ನಾನು. ನನ್ನ ಮೊಮ್ಮಗಳ ಮನಸ್ಸಿಗೆ ಒಂದು ಸಲವೂ ಕೈಹಾಕಿ ನೋಡದೆ, ಮೇಲಿದ್ದ ಅಂಕಿ ಓದಿ, ಅದನ್ನೂ ತಲೆಕೆಳಗಾಗಿ ಓದಿ, ಅವಳನ್ನು ಇನ್ನೇನು ಕಳಿಸಿಯೇ ಬಿಡುತ್ತಿದ್ದೆ.

ಅವಳು ಕುರುಗೋಡಿನ ಮನೆಗೆ ಬಂದ ಮೇಲೆ ಹತ್ತಿರದ ಮೋಕ ಎಂಬ ಊರಿನಿಂದ ಶಾರದಾಳ ಅಣ್ಣ ಬಸಣ್ಣ ನೋಡಲು ಬಂದ. ರೇಣುಕಾ ಸಣ್ಣವಳಿದ್ದಾಗಿನಿಂದ "ನನ್ನ ಸೊಸಿ, ನನ್ನ ಸೊಸಿ" ಎನ್ನುತ್ತಿದ್ದವನು. ನಾನು ಹೊಸದಾಗಿ ಕಲಿತದ್ದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಇದೆ ಅಥವಾ ಇಲ್ಲ ಎಂದು ಹೇಳುವುದಿಲ್ಲಪ್ಪ, ಎಷ್ಟು ಎಂದು ಅಳೆಯುತ್ತಾರೆ, ಎಲ್ಲರಿಗೂ ಒಂದಿಷ್ಟು ಇರುತ್ತದೆ ಎಂದೆ. ಅವನು ಚಹಾ ಕುಡಿದು ಲೋಟ ಕೆಳಗಿಟ್ಟು, "ಹಂಗಾರ ನಿಮ್ಮ ಮೊಮ್ಮಗಳು ನೂರಕ್ಕ ಎಷ್ಟು ಹುಚ್ಚಿ ಅಂತ ಹೇಳ್ರಿ ಮಾವಾರ. ನಾವೂ ಒಂದು ನಿರ್ಧಾರಕ್ಕ ಬರ್ತೀವಿ" ಎಂದ.

ಒಳಗೆ ರೇಣುಕಾ ಇದ್ದಳು. ಬಾಗಿಲಿಗೆ ಬರೀ ಪರದೆ.

ನಾನು ಬಾಯಿ ತೆಗೆಯುವ ಮೊದಲೇ, ಎಂದೂ ಎದುರು ಮಾತಾಡದ ನನ್ನ ಮಗ ಹೊಲಿಗೆ ಮಿಷನ್ನು ನಿಲ್ಲಿಸಿದ. "ಬಸಣ್ಣ, ನಿನ್ನ ಅಂಗಿ ಅಳತಿ ನಾನು ಹತ್ತು ಸಲ ತಗೊಂಡೀನಿ. ಹೊಟ್ಟಿ ನಲವತ್ನಾಕು ಅಂತ ಬರ್ಕೊಂಡೀನಿ. ಹೊಟ್ಟಿಬಾಕ ಅಂತ ಬರ್ಕೊಂಡಿಲ್ಲ."

ಬಸಣ್ಣ ಚಪ್ಪಲಿ ಮೆಟ್ಟಿಕೊಂಡು ಹೋದ. ಮತ್ತೆ ಬರಲಿಲ್ಲ. ನಾಲ್ಕು ತಿಂಗಳಿಗೆ ಅವನ ಮಗನ ಮದುವೆ ಬೇರೆ ಕಡೆ ಆಯಿತು, ನಮಗೆ ಕಾರ್ಡೂ ಬರಲಿಲ್ಲ. ಶಾರದಾ ತವರಿನ ಹೆಸರೆತ್ತಿದರೆ ಇವತ್ತಿಗೂ ಸೆರಗು ಬಾಯಿಗಿಡುತ್ತಾಳೆ. ಅಳತೆ ಎಷ್ಟೇ ಸೂಕ್ಷ್ಮವಾಗಿದ್ದರೂ, ಬೈಯಬೇಕೆಂದು ಬಂದವನು ಅದರಲ್ಲೂ ಒಂದು ಬೈಗುಳ ಹುಡುಕಿಕೊಳ್ಳುತ್ತಾನೆ. ಅದನ್ನು ಡಾಕ್ಟರಮ್ಮ ನನಗೆ ಹೇಳಿರಲಿಲ್ಲ.

ಆಮೇಲಿನದು ನಿಧಾನದ ದಾರಿ. ಹತ್ತೊಂಬತ್ತು, ಹದಿನಾರು. ಮತ್ತೆ ಹದಿನೆಂಟಕ್ಕೆ ಏರಿದ ದಿನ ನಾನು ಬಸ್ಸಿನಲ್ಲಿ ಮುಖ ಆ ಕಡೆ ತಿರುಗಿಸಿಕೊಂಡು ಕುಳಿತಿದ್ದೆ. "ಏರತೈತಿ, ಇಳಿತೈತಿ, ತಾತ" ಎಂದು ನನಗೇ ಸಮಾಧಾನ ಹೇಳಿದಳು. ಹನ್ನೆರಡು ಬಂತು. ಕಾಲೇಜಿಗೆ ಹೋದಳು. ಒಂಬತ್ತು ಬಂತು. ಅವತ್ತು "ನಿನಗೆ ಬಂದಷ್ಟೇ ಬಂತು" ಎಂದು ನಕ್ಕಳು. ಆ ನಗು ಕೊಟ್ಟ ಧೈರ್ಯದಲ್ಲಿ ನಾನು ಬಹಳ ದಿನದಿಂದ ಗಂಟಲಲ್ಲಿದ್ದದ್ದನ್ನು ಕೇಳಿದೆ. "ಅವತ್ತು ಪೇಡಾ ಯಾಕ ತಿಂದಿ? ತಪ್ಪು ಅಂತ ಯಾಕ ಹೇಳಲಿಲ್ಲ?"

ಅವಳು ಬಸ್ಸಿನ ಕಿಟಕಿಯಾಚೆ ನೋಡುತ್ತಾ ಹೇಳಿದಳು. "ಮನ್ಯಾಗ ಖುಷಿಯಾಗಿದ್ದವನು ನೀನೊಬ್ಬನ ಇದ್ದಿ ತಾತ. ಅದನ್ನೂ ಕೆಡಿಸಾಕ ಮನಸ್ಸಾಗಲಿಲ್ಲ."

ಅಷ್ಟು ಭಾರ ಹೊತ್ತವಳು ನನ್ನ ತಪ್ಪನ್ನೂ ತಾನೇ ಹೊತ್ತುಕೊಂಡಿದ್ದಳು.

ಹೋದ ಬುಧವಾರ ನಾಲ್ಕು ಬಂದ ಮೇಲೆ ಬಸ್ ಸ್ಟ್ಯಾಂಡಿಗೆ ನಡೆದು ಬಂದೆವು. ಎರಡು ವರ್ಷದಿಂದ ಆ ಮಿಠಾಯಿ ಅಂಗಡಿ ಬಂದಾಗ ನಾನು ರಸ್ತೆಯ ಆ ಬದಿಗೆ ಹೋಗುತ್ತೇನೆ. ಅವತ್ತೂ ಹೊರಟೆ. ರೇಣುಕಾ ನನ್ನ ತೋಳು ಹಿಡಿದು ನಿಲ್ಲಿಸಿ, ತಾನೇ ಒಳಗೆ ಹೋಗಿ ಪೇಡ ತಂದಳು. ಪೊಟ್ಟಣ ಬಿಚ್ಚಿ, ಜನರ ನಡುವೆಯೇ, "ಬಾಯಿ ತೆಗಿ ತಾತ" ಎಂದಳು.

ತೆಗೆದೆ. ಹಲ್ಲಿಲ್ಲದ ಬಾಯಲ್ಲಿ ಪೇಡ ತಾನಾಗಿಯೇ ಕರಗಬೇಕು. ಕರಗಲಿಲ್ಲ.

ಬಸ್ಸು ಹತ್ತಿದ ಮೇಲೆ ಕೇಳಿದೆ, "ಆ ನಾಕು ಎಲ್ಲೆಲ್ಲಿ ಬಂತವ್ವ?"

"ನಿದ್ದಿಗೆ ಎರಡು. ಆಯಾಸಕ್ಕ ಒಂದು. ಒಂದು, ನನ್ನನ್ನ ನಾನ ಬೈಕೊಳ್ಳೋದಕ್ಕ."

"ಒಂಬತ್ತನೇದು?"

ಅವಳು ನನ್ನ ಕೈ ತೆಗೆದುಕೊಂಡು ಅಂಗೈಯಲ್ಲಿ ಬೆರಳಿನಿಂದ ಗುಂಡಗೆ ಒಂದು ಸೊನ್ನೆ ಬರೆದಳು.

ಅವತ್ತು ಸಂಜೆ ಎಲ್ಲರೂ ಕುರುಗೋಡಿನ ಮನೆಯಲ್ಲಿ ಸೇರಿದೆವು. ಗಂಗಮ್ಮ ಬೆಳಿಗ್ಗೆಯೇ ಸಿರುಗುಪ್ಪದಿಂದ ಬಂದು ರೊಟ್ಟಿ ತಟ್ಟಿದ್ದಳು, ಶಾರದಾ ಎಣ್ಣೆಗಾಯಿ ಮಾಡಿದ್ದಳು, ಸಾರು ಗಂಗಮ್ಮನದೇ. ಈರಣ್ಣ ಅಂಗಡಿ ಬೇಗ ಮುಚ್ಚಿ ಬಂದ. ಐದೂ ಜನ ಸುತ್ತ ಕುಳಿತೆವು. ರೇಣುಕಾ ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದಳು.

"ಅವ್ವ, ಸಾರಿಗೆ ಉಪ್ಪು ಕಡಿಮಿ ಆಗೈತಿ."

ಐವತ್ತು ವರ್ಷದಲ್ಲಿ ತನ್ನ ಸಾರಿನ ಮೇಲೆ ಯಾರಿಂದಲೂ ಒಂದು ಮಾತು ಹೇಳಿಸಿಕೊಳ್ಳದ ಗಂಗಮ್ಮ ಎದ್ದು ಹೋಗಿ ಉಪ್ಪಿನ ಡಬ್ಬಿಯನ್ನೇ ತಂದು ಅವಳ ತಟ್ಟೆಯ ಪಕ್ಕ ಇಟ್ಟಳು. "ಹಾಕ್ಕೋ ನನ್ನವ್ವ, ಎಷ್ಟು ಬೇಕೋ ಅಷ್ಟು ಹಾಕ್ಕೋ" ಎಂದು ಕಣ್ಣು ಒರೆಸಿಕೊಂಡಳು. ನಾವೆಲ್ಲರೂ ಒಬ್ಬರಾದ ಮೇಲೆ ಒಬ್ಬರು ಅದೇ ಡಬ್ಬಿಯಿಂದ ಉಪ್ಪು ಹಾಕಿಕೊಂಡು ಊಟ ಮಾಡಿದೆವು.